ಬಸಳೆ ಕಡಿದವನು ಯಾರೆಂದು ನನಗೆ ಗೊತ್ತು

"ಅಕ್ಕಾ, ನನಗೆ 27 ವರ್ಷ. ಶಿರಸಿಯ ನಮ್ಮ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಜಾಗದಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯುತ್ತೇವೆ. ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಅಲ್ಲೇ ಶಿಬಿರ. ಈ ಸಲ 14 ಮಕ್ಕಳು, ನೋಡಿಕೊಳ್ಳುವವಳು ನಾನು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಬೆಳಗಿನ ಜಾವ ಗೇಟು ತೆಗೆಯಲು ಹೋದಾಗ ಶಿಬಿರದ ಹುಡುಗನೊಬ್ಬ ಬಸಳೆ ಚಪ್ಪರ ಕಡಿದು, ಮೊಗೆಬಳ್ಳಿ ಕಿತ್ತು, ಬೇಲಿ ಹಾರಿ ಓಡುವುದನ್ನು ಕಂಡೆ. ಎರಡು ವಿಷಯದಲ್ಲಿ ಫೇಲಾಗಿದ್ದಾನೆ. ಹಿಂದಿನ ಸಂಜೆ 'ನಾ ಇದ್ದು ಏನ್ ಮಾಡೂದಿದೆ ಅಕ್ಕೋರೆ' ಅಂದಿದ್ದ. ಹೆದರಿ ಯಾರಿಗೂ ಹೇಳಲಿಲ್ಲ. ಈಗ ಸಮಿತಿಯವರಿಗೆ ಇನ್ನೊಬ್ಬ ಹುಡುಗನ ಮೇಲೆ ಅನುಮಾನ. ಅವನ ಅಪ್ಪ-ಅಮ್ಮ ಹಾವೇರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಹಿಂದಿನ ದಿನ ಕತ್ತಿ ಹಿಡಿದು ಗೂಟ ಚೂಪು ಮಾಡಿದವನು ಅವನೇ. ನಾಲ್ಕು ದಿನದಿಂದ ಶಿಬಿರಕ್ಕೆ ಬಂದಿಲ್ಲ. ನಿಜ ಹೇಳಿದರೆ ಫೇಲಾದವನು ಏನಾದರೂ ಮಾಡಿಕೊಂಡಾನು ಎಂಬ ಭಯ. ಏನು ಮಾಡಲಿ?"
— ಹೆಸರು ಬೇಡ, ಶಿರಸಿ

ತಂಗಿ,

ಕಾಗದ ಸಿಕ್ಕ ದಿನವೇ ನಿನಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ. ಅಚ್ಚಾಗುವವರೆಗೆ ಕಾಯುವ ವಿಷಯ ಅದಾಗಿರಲಿಲ್ಲ. ಇಂಥದ್ದೇ ಸಂಕಟದಲ್ಲಿರುವ ಮಾಸ್ತರು, ಅಕ್ಕೋರು ಇನ್ನೂ ಕೆಲವರಿದ್ದಾರು, ಅವರಿಗೂ ಇರಲಿ.

ಮೊದಲು ಆ ಹುಡುಗನ ಮಾತು. ಹದಿನಾರರ ಪೋರ ಹಾಗಂದರೆ ಅದನ್ನು ಸಿನಿಮಾ ಡೈಲಾಗು ಎಂದು ತಳ್ಳಿಹಾಕಬಾರದು. ಅವನೊಬ್ಬನೇ ಸಿಗುವ ಹೊತ್ತು ನೋಡಿ, ಪಕ್ಕದಲ್ಲಿ ಕೂತು ನೇರವಾಗಿ ಕೇಳು: "ತಮಾ, ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಬಾಯಿಬಿಟ್ಟು ಹೇಳಲು ಒಂದು ದಾರಿ ಸಿಕ್ಕಿತಲ್ಲ ಎಂದು ಎಷ್ಟೋ ಮಕ್ಕಳು ಉಸಿರು ಬಿಡುತ್ತಾರೆ. ಉತ್ತರ ಹೌದು ಎಂದಾದರೆ ಸರಿಯೇ, ಸುಮ್ಮನೆ ನೆಲ ಕೆರೆಯುತ್ತಾ ಕೂತರೂ ಸರಿಯೇ, ಅವನನ್ನು ಒಬ್ಬನೇ ಬಿಡಬೇಡ, ಅವತ್ತೇ ಅವನ ಅಮ್ಮನ ಹತ್ತಿರ ಮಾತಾಡು. "ಯಾರಿಗೂ ಹೇಳೂದಿಲ್ಲ" ಎಂದು ಮಾತ್ರ ಮಾತು ಕೊಡಬೇಡ. ಆ ಮಾತನ್ನು ಉಳಿಸಿಕೊಳ್ಳಲು ನಿನಗಾಗದು, ಮುರಿದ ಮೇಲೆ ಅವನು ಇನ್ನೊಬ್ಬರನ್ನು ನಂಬಲಾರ. ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098. ಇನ್ನೊಂದು, ಅಮ್ಮನಿಗೆ ಕಿವಿಯಲ್ಲಿ ಹೇಳುವಂಥದ್ದು: ಅಡಿಕೆಗೆ ಕೊಳೆಮದ್ದು ಹೊಡೆಯುವ ಕಾಲ ಹತ್ತಿರ ಬಂತು, ನಮ್ಮ ಕಡೆ ಮನೆಯ ಜಗುಲಿಯಲ್ಲೇ ಏನೇನೋ ತಂದಿಟ್ಟಿರುತ್ತಾರೆ. ಅದೆಲ್ಲ ಬೀಗದೊಳಗೆ ಹೋಗಲಿ.

ಫೇಲಾದದ್ದರ ಬಗ್ಗೆ ಅವನಿಗೆ ಸಮಾಧಾನಕ್ಕಿಂತ ಮಾಹಿತಿ ಹೆಚ್ಚು ಬೇಕು. 2024ರಿಂದ ಪೂರಕ ಪರೀಕ್ಷೆ ಎಂಬ ಹೆಸರೇ ಹೋಗಿದೆ. ಪರೀಕ್ಷೆ-1ರಲ್ಲಿ ಬಿದ್ದವನು ಪರೀಕ್ಷೆ-2 ಬರೆಯಬಹುದು. ಅರ್ಜಿಗೆ ಕೊಡುವ ದಿನ ಕಡಿಮೆ, ಶಾಲೆಗೆ ಹೋಗಿ ವಿಚಾರಿಸಬೇಕು. ನಮ್ಮ ಜಿಲ್ಲೆಯಲ್ಲಂತೂ ಫಲಿತಾಂಶ ಬಂದರೆ ಶಿರಸಿ ಶೈಕ್ಷಣಿಕ ಜಿಲ್ಲೆ ಎಷ್ಟನೇ ಸ್ಥಾನ, ಕಾರವಾರ ಎಷ್ಟನೇ ಸ್ಥಾನ ಎಂದು ಚಹಾದಂಗಡಿಯಲ್ಲೂ ಚರ್ಚೆ. ಅದರ ನಡುವೆ ಎರಡು ವಿಷಯ ಬಿದ್ದ ಹುಡುಗ ಬೆಳಗಾಗುವ ಮುಂಚೆ ಎದ್ದು ಹೋಗಿ ಬಸಳೆ ಕಡಿದ. ನನಗೇನೂ ಆಶ್ಚರ್ಯವಿಲ್ಲ.

ಇನ್ನು ನಿನ್ನನ್ನು ಸ್ವಲ್ಪ ಬೈಯಬೇಕು. ಒಬ್ಬನನ್ನು ಉಳಿಸುತ್ತೇನೆಂದು ಸುಮ್ಮನಿದ್ದೆ, ಅದರ ಬೆಲೆ ತೆರುತ್ತಿರುವವನು ಇನ್ನೊಬ್ಬ. ಅವನ ಪರವಾಗಿ ಮಾತಾಡಲು ಈ ಊರಲ್ಲಿ ಚಿಕ್ಕಪ್ಪನಿಲ್ಲ, ಸೋದರಮಾವನಿಲ್ಲ, ಸಮಿತಿಯಲ್ಲಿ ಪರಿಚಯದವರಿಲ್ಲ. ಕತ್ತಿ ಹಿಡಿದವನೇ ಕಡಿದವನು ಎಂದರೆ, ಸೊಂಟದ ಕೊಕ್ಕೆಗೆ ಕತ್ತಿ ಸಿಗಿಸದೆ ತೋಟಕ್ಕಿಳಿಯುವ ಗಂಡಸು ಈ ತಾಲೂಕಿನಲ್ಲಿ ಯಾರಿದ್ದಾರೆ? ನಿಮ್ಮ ಸಮಿತಿಯವರ ಮನಸ್ಸಿನಲ್ಲಿದ್ದದ್ದು ಕತ್ತಿಯಲ್ಲ, "ಬಯಲುಸೀಮೆಯವರು" ಎಂಬ ಮಾತು. ಬಾಯಲ್ಲಿ ಆಡಿರಲಿಕ್ಕಿಲ್ಲ.

ಬೈಯುವ ಯೋಗ್ಯತೆ ನನಗೇನೂ ಹೆಚ್ಚಿಲ್ಲ. ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಾಗ ಒಮ್ಮೆ ಪ್ರವಾಸಕ್ಕೆಂದು ಒಟ್ಟುಮಾಡಿದ ಹಣ ಕಾಣೆಯಾಯಿತು. ಎಲ್ಲರ ಕಣ್ಣೂ ಹಾಸ್ಟೆಲಿನ ಒಬ್ಬ ಹುಡುಗನ ಮೇಲೆ. ಅವನಲ್ಲ ಎಂದು ನನಗೆ ಅಂದಾಜಿತ್ತು, ಸುಮ್ಮನಿದ್ದೆ. ವಾರದ ಮೇಲೆ ಹಣ ಕಪಾಟಿನ ಹಿಂದೆ ಸಿಕ್ಕಿತು. ಎಲ್ಲರೂ ನಕ್ಕರು, ಪ್ರವಾಸವೂ ಆಯಿತು. "ನೀನಲ್ಲ ಅಂತ ಗೊತ್ತಾಯ್ತು" ಎಂದು ಅವನ ಹತ್ತಿರ ಹೋಗಿ ಹೇಳಿದವರು ಯಾರೂ ಇಲ್ಲ, ನಾನೂ ಹೇಳಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಅವನು ಬರಲಿಲ್ಲ. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಆ ವಯಸ್ಸಿನ ಗಂಡಸರು ಕಂಡರೆ ಮುಖ ನೋಡುತ್ತೇನೆ.

ಆದ್ದರಿಂದ ನಾಳೆಯೇ ಸಮಿತಿಯವರನ್ನು ಸೇರಿಸು. "ಅವನಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ಹೇಳದೆ ಉಳಿದದ್ದು ನನ್ನ ತಪ್ಪು" ಎನ್ನು. ಮತ್ಯಾರು ಎಂದು ಕೇಳಿಯೇ ಕೇಳುತ್ತಾರೆ. "ಎರಡು ದಿನ ಬಿಡಿ, ಅವನೇ ಬಂದು ಹೇಳುವ ಹಾಗೆ ನೋಡುತ್ತೇನೆ" ಎನ್ನು. ಒಬ್ಬರಾದರೂ ಗೊಣಗುತ್ತಾರೆ. ಗೊಣಗಲಿ. ಅದೇ ದಿನ ಶಿಬಿರದ ಮಕ್ಕಳೆಲ್ಲರ ಮುಂದೆಯೂ ಮೊದಲಿನ ಎರಡು ವಾಕ್ಯ ಹೇಳು. ಅವರಿಗೆ ವಿಷಯ ಗೊತ್ತಿಲ್ಲ ಎಂದುಕೊಂಡಿದ್ದೀಯಾ? ಹದಿನಾಲ್ಕರಲ್ಲಿ ಹತ್ತು ಮಕ್ಕಳಿಗಾದರೂ ಅವತ್ತು ಮಧ್ಯಾಹ್ನಕ್ಕೇ ಗೊತ್ತಾಗಿರುತ್ತದೆ. ಈ ವಯಸ್ಸಿನವರು ಗಿಡಕ್ಕೆ ಎಷ್ಟು ನೀರು ಎಂದು ಕೇಳಿದರೆ ಆಕಾಶ ನೋಡುತ್ತಾರೆ, ಆದರೆ ಅಕ್ಕೋರು ಯಾರನ್ನು ಬಿಟ್ಟರು, ಯಾರನ್ನು ಹಿಡಿದರು ಎಂಬ ಲೆಕ್ಕ ತಪ್ಪುವುದಿಲ್ಲ.

ಕಡಿದವನ ಹತ್ತಿರ ಅದಕ್ಕೂ ಮೊದಲು, ಇವತ್ತು ಸಂಜೆಯೇ ಹೋಗು. ಜೀವದ ಮಾತು ಮೊದಲು, ಅವನು ಸ್ವಲ್ಪ ಹಗುರಾದ ಮೇಲೆ ಬಸಳೆಯ ಮಾತು. "ನಾನು ನೋಡಿದೆ" ಎಂದರೆ ಸಾಕು, "ಯಾಕೆ ಹೀಗೆ ಮಾಡಿದೆ" ಬೇಡ. ಯಾಕೆಂದು ಅವನಿಗೇ ತಿಳಿಯದು. ಅವನಿಂದಾಗಿ ಮತ್ತೊಬ್ಬ ನಾಲ್ಕು ದಿನದಿಂದ ಮನೆಯಲ್ಲಿ ಕೂತಿದ್ದಾನೆ ಎಂಬುದನ್ನು ಮಾತ್ರ ಬಚ್ಚಿಡಬೇಡ. ಕನಿಕರದಿಂದ ಅದನ್ನು ನುಂಗಿಕೊಂಡರೆ ಅವನನ್ನು ಕೂಸು ಮಾಡಿದಂತೆ.

ಶಿಬಿರದಿಂದ ಅವನನ್ನು ತೆಗೆಯಬೇಕು ಎಂದು ಸಮಿತಿಯವರು ಹಟ ಹಿಡಿದರೆ ಒಪ್ಪಬೇಡ. ಬೆಳೆ ಎಷ್ಟು ಹೋಗಿದೆ ಎಂದು ಅವರನ್ನೇ ಕೇಳು. ಬಸಳೆಯ ಬುಡ ಉಳಿದಿದ್ದರೆ ಹೋದದ್ದೇನೂ ಇಲ್ಲ, ನಾವು ಹುಳಿಗೆ ಕೊಯ್ಯುವುದೂ ಕಡಿದೇ. ನೀರು ಹಾಕಿದರೆ ಚಿಗುರುತ್ತದೆ. ಹೊಸದಾಗಿ ಬೇಕಾದರೆ ಬಲಿತ ಕಾಂಡದ ಗೇಣುದ್ದದ ತುಂಡು, ಎರಡು ಗೆಣ್ಣು ಮಣ್ಣೊಳಗೆ, ಮೇಲೆ ಸ್ವಲ್ಪ ಸೋಗೆಯ ನೆರಳು. ಕಿತ್ತ ಮೊಗೆಬಳ್ಳಿ ಮಾತ್ರ ಹೋಯಿತು. ಅದನ್ನು ಅವನೇ ಮತ್ತೆ ಹಾಕಲಿ. ಬೀಜವನ್ನು ನೀನು ಕೊಡಬೇಡ. ಬೂದಿ ಹಚ್ಚಿ ಅಡುಗೆಮನೆ ಗೋಡೆಗೆ ಅಂಟಿಸಿಟ್ಟ ಬೀಜ ಯಾವುದಾದರೂ ಅಮ್ಮಮ್ಮನ ಮನೆಯಲ್ಲಿ ಇದ್ದೇ ಇರುತ್ತದೆ, ಹೋಗಿ ಕೇಳಿ ತರಲಿ. ಕೇಳುವಾಗ ಯಾಕೆ ಬೇಕು ಎಂದೂ ಹೇಳಬೇಕಾಗುತ್ತದೆ, ಅಷ್ಟು ಶಿಕ್ಷೆ ಸಾಕು. ಎಲ್ಲೂ ಸಿಗದಿದ್ದರೆ ನಿಮ್ಮ ಶಿರಸಿಯ ವನಸ್ತ್ರೀ ಬಳಗದವರನ್ನು ವಿಚಾರಿಸಿ, ಕೈತೋಟದ ನಾಟಿ ಬೀಜ ಕಾಪಾಡುವುದೇ ಅವರ ಕೆಲಸ. ಬೆಳಗ್ಗೆ ಆರೂವರೆಗೆ ನೀರು ಹಾಕುವ ಪಾಳಿ ಅವನಿಗಿರಲಿ, ಪಂಪಿನ ಕೀಲಿಯೂ ಅವನ ಕೈಯಲ್ಲೇ ಇರಲಿ. ಹೌದು, ಕೀಲಿಯೇ. ದಿನಾ ಅವನು ಬಂದನೋ ಇಲ್ಲವೋ ಎಂದು ನಿನಗೂ ಗೊತ್ತಾಗುತ್ತದೆ.

ಆ ಇನ್ನೊಬ್ಬ ಹುಡುಗನ ಮನೆಗೆ ನೀನೇ ಹೋಗು, ಮಕ್ಕಳ ಕೈಲಿ ಹೇಳಿ ಕಳಿಸಬೇಡ. ಸಮಿತಿಯ ಹಿರಿಯರೊಬ್ಬರು ಜೊತೆಗಿರಲಿ, ಅವನ ಅಪ್ಪ ಕೆಲಸದಿಂದ ಬಂದಿರುವ ಹೊತ್ತಿಗೆ, ಅಪ್ಪ-ಅಮ್ಮನ ಮುಂದೆಯೇ ತಪ್ಪಾಯಿತು ಎನ್ನಿ. ಚಹಾ ಕೊಟ್ಟರೆ ಬೇಡ ಅನ್ನಬೇಡಿ. ಶಿಬಿರಕ್ಕೆ ಮತ್ತೆ ಬಾ ಎಂದು ಕರೆ, ಒತ್ತಾಯ ಬೇಡ. ಬರುವುದಿಲ್ಲ ಎಂದರೆ ಅದು ಅವನಿಗೆ ಬಿಟ್ಟದ್ದು. ಬಂದರೆ, ಮರುದಿನವೇ ಗೂಟ ಚೂಪು ಮಾಡುವ ಕತ್ತಿಯನ್ನು ಎಲ್ಲರ ಎದುರಿಗೆ ಅವನ ಕೈಗೇ ಕೊಡು.