ಕೋಡ್ ಕೊಟ್ಟಿದ್ದೀರಿ, ಹೆಸರು ಕೊಟ್ಟಿಲ್ಲ

ಪ್ರಶ್ನೆ: ಅಕ್ಕಾ, ನಾವು ಐದು ಮಂದಿ ಗೆಳೆಯರು ಕಾಲೇಜಿನಲ್ಲಿದ್ದಾಗ ಕಲಬುರಗಿ ಗಂಜ್‌ನ ತೊಗರಿ ರೇಟು ತೋರಿಸುವ ಆ್ಯಪ್ ಮಾಡಿದೆವು. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಎಂಬ ತಾಣದಲ್ಲಿ ನಮ್ಮ ಕೋಡ್ ಇದೆ, ಯಾರು ಬೇಕಾದರೂ ಬಳಸಲು ಬಿಡುವ ಅಪಾಚೆ 2.0 ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿ. ಆಮೇಲೆ ಒಂದು ಕಂಪನಿ ಸರ್ವರ್ ಖರ್ಚು ಕೊಡಲು ಮುಂದೆ ಬಂತು. ಈಗ ಅದೇ ಕಂಪನಿ ಆ್ಯಪ್‌ನ ಹೆಸರು ತನ್ನ ಟ್ರೇಡ್‌ಮಾರ್ಕ್ ಎಂದು ಅರ್ಜಿ ಹಾಕಿದೆ. ‘ನಮ್ಮ ಬಗ್ಗೆ’ ಪುಟದಿಂದ ನಮ್ಮ ಹೆಸರುಗಳನ್ನೂ ತೆಗೆದಿದೆ. ಕೇಳಿದರೆ ‘ಓಪನ್ ಸೋರ್ಸ್ ಅಂದ್ಮೇಲೆ ಎಲ್ಲರದೂ ಅಲ್ವಾ’ ಅನ್ನುತ್ತಾರೆ. ನಾವೇನು ಮಾಡಬಹುದು?
– ಹೆಸರು ಬೇಡ, ಆಳಂದ

ಉತ್ತರ: ತಮ್ಮಾ, ಪತ್ರ ಓದಿ ಸಿಟ್ಟು ಬಂತು. ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ಸಾಫ್ಟ್‌ವೇರ್‌ನ ಕನ್ನಡ ಅನುವಾದಕ್ಕೆ ರಾತ್ರಿ ಕೂತು ಕೆಲಸ ಮಾಡಿದವಳು ನಾನು. ಸಂಬಳವಿಲ್ಲದ ಕೆಲಸದಲ್ಲಿ ಹೆಸರಿಗೆ ಎಷ್ಟು ಬೆಲೆ ಅಂತ ಗೊತ್ತು.

ಕಂಪನಿಯವರ ಮಾತು ಅರ್ಧ ಮಾತ್ರ ನಿಜ. ನಿಮ್ಮ ಕೋಡ್ ಅನ್ನು ಅವರು ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಅದನ್ನು ತಡೆಯಲು ಹೋಗಬೇಡಿ, ಆ ಹಕ್ಕು ನೀವೇ ಕೊಟ್ಟಿದ್ದು. ಆದರೆ ಹೆಸರಿನ ಹಕ್ಕನ್ನು ಈ ಲೈಸೆನ್ಸ್ ಕೊಡುವುದಿಲ್ಲ ಎಂದು ಅದರ 6ನೇ ಕಲಮು ನೇರವಾಗಿ ಹೇಳುತ್ತದೆ. ‘ಇಂಥವರ ಆ್ಯಪ್‌ನಿಂದ ಮಾಡಿದ್ದು’ ಎಂದು ಮೂಲ ತಿಳಿಸುವುದಕ್ಕೆ ಮಾತ್ರ ನಿಮ್ಮ ಹೆಸರು ಬಳಸಬಹುದು. ನಮ್ಮ ತೊಗರಿಯನ್ನೇ ನೋಡಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು. ತೊಗರಿಯನ್ನು ಯಾರು ಬೇಕಾದರೂ ಬೆಳೆಯಬಹುದು, ಬೇರೆ ಕಡೆಯ ಬೇಳೆಯ ಚೀಲದ ಮೇಲೆ ಆ ಹೆಸರು ಹಾಕುವಂತಿಲ್ಲ.

ಈಗ ಅರ್ಜಿಯ ವಿಷಯ. ಇಲ್ಲಿ ತಡ ಮಾಡಬೇಡಿ. ಅರ್ಜಿ ಮೊದಲ ಪರಿಶೀಲನೆ ದಾಟಿದರೆ ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆ ದಿನದಿಂದ 4 ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಅದು ದಾಟಿದರೆ ಆ ಬಾಗಿಲು ಮುಚ್ಚಿತು. ಅರ್ಜಿ ಸಂಖ್ಯೆ ಹಾಕಿ ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲಿ ಎಲ್ಲಿಗೆ ಬಂದಿದೆ ಅಂತ ಇವತ್ತೇ ನೋಡಿ. ನಮ್ಮ ಕಾನೂನಿನಲ್ಲಿ ಮೊದಲು ನೋಂದಾಯಿಸಿದವರಿಗಿಂತ ಮೊದಲು ಬಳಸಿದವರಿಗೆ ಬಲ ಜಾಸ್ತಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಮು ಓದಿ. ಹಾಗಾಗಿ ದಾಖಲೆ ಕೂಡಿಸಿ: ಆ ಹೆಸರಿದ್ದ ಮೊದಲ ಕಮಿಟ್‌ನ (ಗಿಟ್‌ಹಬ್‌ನಲ್ಲಿ ದಾಖಲಾದ ಕೋಡ್ ಬದಲಾವಣೆಯ) ತಾರೀಖು, ಪ್ಲೇ ಸ್ಟೋರ್‌ಗೆ ಹಾಕಿದ ದಿನ, ಗಂಜ್‌ನ ಅಡತಿ ಅಂಗಡಿಗಳಿಗೆ ಹಂಚಿದ ಪಾಂಪ್ಲೆಟ್, ಪೇಪರಿನಲ್ಲಿ ಬಂದ ಸುದ್ದಿ. ಎಲ್ಲವೂ ಕಂಪನಿ ಬರುವುದಕ್ಕಿಂತ ಹಿಂದಿನದಾಗಿರಲಿ.

2014ರಲ್ಲಿ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಮಾಡುವ ಗ್ನೋಮ್ ಎಂಬ ಓಪನ್ ಸೋರ್ಸ್ ಬಳಗಕ್ಕೂ ಇಂಥದ್ದೇ ಆಗಿತ್ತು. ಗ್ರೂಪಾನ್ ಕಂಪನಿ ಅದೇ ಹೆಸರಿಗೆ 28 ಅರ್ಜಿ ಹಾಕಿತ್ತು. ತಕರಾರಿನ ಗಡುವು ಹತ್ತಿರವಿತ್ತು, ಬೇಕಾಗಿದ್ದು 80,000 ಡಾಲರ್. ಬಳಗ ಎಲ್ಲರ ಮುಂದೆ ವಿಷಯ ಇಟ್ಟಿತು. ಹಣವೂ ಬಂತು, ಗ್ರೂಪಾನ್ ಅರ್ಜಿಗಳನ್ನು ಹಿಂದಕ್ಕೂ ತೆಗೆದುಕೊಂಡಿತು. ಆದರೆ ಆ ಹೆಸರು ಮೊದಲೇ ಗ್ನೋಮ್ ಫೌಂಡೇಶನ್ ಹೆಸರಿನಲ್ಲಿ ನೋಂದಣಿಯಾಗಿತ್ತು ಎನ್ನುವುದನ್ನು ಮರೆಯಬೇಡಿ. ನಿಮ್ಮಲ್ಲಿ ಅದಿಲ್ಲ. ಐವರೂ ಜಂಟಿಯಾಗಿ ನಿಮ್ಮದೇ ಅರ್ಜಿ ಹಾಕಿ. ಟ್ರೇಡ್‌ಮಾರ್ಕ್ ವರ್ಗಗಳಲ್ಲಿ ಸಾಫ್ಟ್‌ವೇರ್ ಬರುವುದು 9ನೇ ವರ್ಗದಲ್ಲಿ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳಿಗೆ 4,500 ರೂಪಾಯಿ ಶುಲ್ಕ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಬೇರೆ ಇದೆ. ಪ್ಲೇ ಸ್ಟೋರ್ ಖಾತೆ ಯಾರದು? ಡೊಮೈನ್ (ವೆಬ್ ವಿಳಾಸ) ಯಾರ ಇಮೇಲ್‌ನಲ್ಲಿದೆ? ಸರ್ವರ್ ಬಿಲ್ ಕಟ್ಟುವವರು ಇವನ್ನೂ ಸುಮ್ನೆ ತಮ್ಮ ಹೆಸರಿಗೆ ಮಾಡಿಸಿಕೊಂಡಿರುತ್ತಾರೆ. ಆಗ ಕಾಗದದಲ್ಲಿ ನೀವು ಗೆದ್ದರೂ ಹಳೇ ಬಳಕೆದಾರರು ಅವರ ಕಡೆಯೇ ಉಳಿಯುತ್ತಾರೆ. ನಿಮ್ಮ ಕೈಯಲ್ಲಿದ್ದರೆ ಪಾಸ್‌ವರ್ಡ್ ಇವತ್ತೇ ಬದಲಿಸಿ. ಇನ್ನೊಂದು ಮಾತು. ನಿಮ್ಮಲ್ಲಿ ಯಾರಾದರೂ ಆ ಕಂಪನಿಯಲ್ಲಿ ಕೆಲಸಕ್ಕಿದ್ದರೆ, ಕೆಲಸದ ಭಾಗವಾಗಿ ಬರೆದ ಕೋಡ್‌ನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದೇ. ಸಹಿ ಹಾಕಿದ ಪ್ರತಿ ಕಾಗದವನ್ನೂ ವಕೀಲರಿಗೆ ತೋರಿಸಿ.

ತೆಗೆದುಹಾಕಿದ ಹೆಸರುಗಳ ವಿಷಯಕ್ಕೆ ಬರೋಣ. ಕೋಡ್‌ನ ಫೈಲುಗಳ ತಲೆಯಲ್ಲಿರುವ ಕಾಪಿರೈಟ್ ಸಾಲುಗಳನ್ನು ಅವರು ಅಳಿಸುವಂತಿಲ್ಲ. ‘ನೋಟಿಸ್’ ಎಂಬ ಫೈಲಿನಲ್ಲಿ ನಿಮ್ಮ ಹೆಸರಿದ್ದರೆ ಅದೂ ಆ್ಯಪ್‌ನ ಜೊತೆಗೇ ಹೋಗಬೇಕು. ‘ನಮ್ಮ ಬಗ್ಗೆ’ ಪುಟದ ಬಗ್ಗೆ ಮಾತ್ರ ಲೈಸೆನ್ಸ್ ಏನೂ ಹೇಳುವುದಿಲ್ಲ. ಅಲ್ಲಿ ನಿಮ್ಮ ನೆರವಿಗೆ ಬರುವುದು 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಮು. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವರು ನಾವು’ ಎನ್ನುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಇದನ್ನು ಕಾಣಿಸಿ ಒಂದು ಪತ್ರ ಬರೆಯಿರಿ. ‘ಪ್ರಾಯೋಜಕರು’ ಎಂದು ಕಂಪನಿಯ ಹೆಸರನ್ನು ನೀವೂ ಮರ್ಯಾದೆಯಿಂದ ಹಾಕಿ, ಅವರ ಹಣ ಸುಳ್ಳಲ್ಲ.

ಎಲ್ಲಾ ಸೋತರೂ ಕೋಡ್ ನಿಮ್ಮ ಬಳಿ ಇರುತ್ತದೆ. ಹಡ್ಸನ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಕಟ್ಟಿದ್ದು ಕೊಹ್ಸುಕೆ ಕವಾಗುಚಿ, ಸನ್ ಕಂಪನಿಯಲ್ಲಿದ್ದಾಗ. ಸನ್ ಅನ್ನು ಕೊಂಡ ಒರಾಕಲ್ ‘ಹೆಸರು ನಮ್ಮದು’ ಎಂದಿತು. 2011ರಲ್ಲಿ ಬಳಗ ಮತ ಹಾಕಿ ಜೆಂಕಿನ್ಸ್ ಎಂದು ಹೊಸ ಹೆಸರಿಟ್ಟುಕೊಂಡಿತು. ಇವೆರಡರಲ್ಲಿ ಇವತ್ತು ಬಳಕೆಯಲ್ಲಿರುವುದು ಜೆಂಕಿನ್ಸ್. ಬರೆಯುವ ಕೈಗಳು ಆ ಕಡೆ ಹೋದವು, ಅಷ್ಟೇ. ನಿಮ್ಮ ಐವರಲ್ಲಿ ಈಗಲೂ ಕೆಲಸ ಮಾಡುವವರು ಎಷ್ಟು ಮಂದಿ ಎಂದು ಮೊದಲು ಕೂತು ಮಾತಾಡಿ.

ಪ್ರಶ್ನೆ: ಓಪನ್ ಫಾಂಟ್ ಲೈಸೆನ್ಸ್‌ನ ಒಂದು ಕನ್ನಡ ಫಾಂಟ್‌ನ ಒತ್ತಕ್ಷರಗಳನ್ನು ತಿದ್ದಿದ್ದೇನೆ. ಅದೇ ಹೆಸರಿನಲ್ಲಿ ಹಂಚಬಹುದಾ?
– ಓದುಗ, ಹುಮನಾಬಾದ್

ಉತ್ತರ: ಲೈಸೆನ್ಸ್ ಫೈಲಿನ ಮೊದಲ ಸಾಲುಗಳಲ್ಲಿ ‘ಕಾಯ್ದಿರಿಸಿದ ಹೆಸರು’ (Reserved Font Name) ಎಂದು ಫಾಂಟ್‌ನ ಹೆಸರು ಇದೆಯಾ ನೋಡಿ. ಇದ್ದರೆ ತಿದ್ದಿದ ಫಾಂಟ್‌ಗೆ ಬೇರೆ ಹೆಸರು ಇಡಲೇಬೇಕು, ಇಲ್ಲವೇ ಮೂಲದವರಿಂದ ಲಿಖಿತ ಒಪ್ಪಿಗೆ ತರಬೇಕು. ಇಲ್ಲದಿದ್ದರೂ ಬೇರೆ ಹೆಸರೇ ಇಡಿ ಎನ್ನುತ್ತೇನೆ. ಒಂದೇ ಹೆಸರಿನ ಎರಡು ಫಾಂಟ್ ಕಂಪ್ಯೂಟರಿನಲ್ಲಿದ್ದರೆ ಡಿಟಿಪಿ ಮಾಡುವವರಿಗೆ ಬಹಳ ತೊಂದರೆ. ಮೂಲ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಫೈಲು ಜೊತೆಗಿರಲಿ, ಅದರ ಕೆಳಗೆ ನಿಮ್ಮ ಸಾಲು ಸೇರಿಸಿ.