ವೃತ್ತದ ಒಗಟಿಗೆ ಯಾವ ಸೂತ್ರ ಬಾಯಿಪಾಠ ಮಾಡಬೇಕು? ಯಾವುದನ್ನೂ ಬೇಡ

ನೂರು ಜನ ವೃತ್ತವಾಗಿ ಕುಳಿತಿದ್ದಾರೆ, ಒಬ್ಬರನ್ನು ಬಿಟ್ಟು ಒಬ್ಬರು ಹೊರಗೆ ಹೋಗುತ್ತಾರೆ, ಕೊನೆಗೆ ಉಳಿಯುವವರು ಯಾರು, ಲೆಕ್ಕ ಎರಡರ ಬದಲು ಮೂರೋ ನಾಲ್ಕೋ ಆದರೆ ಯಾವ ಸೂತ್ರ ಬಾಯಿಪಾಠ ಮಾಡಬೇಕು ಎಂದು ಕೇಳಿದ್ದೀರಿ. ಯಾವುದನ್ನೂ ಮಾಡಬೇಡಿ. ಬಾಯಿಪಾಠ ಮಾಡಿ, ಕೈಗೆ ಬಂದಿದ್ದ ಕೆಲಸ ಕಳೆದುಕೊಂಡವನು ನಾನು.

ಆಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ವಿದ್ಯಾನಗರದ ನಮ್ಮ ಬಾಡಿಗೆ ಕೋಣೆಯಲ್ಲಿ, ಹಿರಿಯ ವಿದ್ಯಾರ್ಥಿಗಳಿಂದ ಕೈದಾಟಿ ಬಂದ ಜೆರಾಕ್ಸ್ ಹಾಳೆಗಳೇ ವೇದವಾಕ್ಯ. ಈ ಒಗಟಿಗೆ ಅದರಲ್ಲಿ ಇದ್ದದ್ದು ಒಂದೇ ಸಾಲು: ಒಟ್ಟು ಜನರಿಂದ ಅದರೊಳಗಿನ ಎರಡರ ಅತಿ ದೊಡ್ಡ ಘಾತವನ್ನು (ಎರಡನ್ನು ಎರಡರಿಂದಲೇ ಗುಣಿಸುತ್ತಾ ಹೋದರೆ ಬರುವ 4, 8, 16ರಂಥ ಸಂಖ್ಯೆ) ಕಳೆಯಿರಿ, ಉಳಿದದ್ದನ್ನು ಇಮ್ಮಡಿಸಿ ಒಂದು ಕೂಡಿಸಿ. ನೂರರಲ್ಲಿ 64 ಕಳೆದರೆ 36, ಅದರ ಇಮ್ಮಡಿ 72, ಒಂದು ಕೂಡಿದರೆ 73. ಉತ್ತರ ಸರಿಯೇ. ಏಕೆ ಸರಿ ಎಂಬುದು ಹಾಳೆಯಲ್ಲಿ ಇರಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಚಳ್ಳಕೆರೆ ಕಡೆಯ ನನ್ನ ಗೆಳೆಯ ಮಾತ್ರ ಊರಿನಿಂದ ತಂದ ಶೇಂಗಾವನ್ನು ಹಳೆಯ ಪತ್ರಿಕೆಯ ಮೇಲೆ ದುಂಡಗೆ ಜೋಡಿಸಿ, ಎಣಿಸಿ ಎಣಿಸಿ ಎತ್ತಿ ತಿನ್ನುತ್ತಾ, ಕೊನೆಗೆ ಉಳಿದದ್ದು ಎಷ್ಟನೆಯದೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಹಸಿವಿಗೊಂದು ನೆಪ ಎಂದು ನಾನು ನಗುತ್ತಿದ್ದೆ.

ಸಂದರ್ಶನದಲ್ಲಿ ಇದೇ ಒಗಟು ಬಂತು. ಪ್ರಶ್ನೆ ಮುಗಿಯುವ ಮೊದಲೇ 73 ಎಂದೆ. ಎದುರಿಗಿದ್ದವರು ನಕ್ಕು, “ಪ್ರತಿ ಮೂರನೆಯವರು ಹೊರಗೆ ಹೋದರೆ?” ಎಂದರು.

ಇಲ್ಲಿ ನಾನು ಮಾಡಿದ್ದನ್ನು ಬಿಡಿಸಿಯೇ ಹೇಳಬೇಕು. ನಿಮ್ಮ ಪ್ರಶ್ನೆಯ ಧಾಟಿ ನೋಡಿದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಎರಡು ಇದ್ದಲ್ಲೆಲ್ಲ ಮೂರು ಹಾಕಿದೆ. ನೂರರೊಳಗೆ ಮೂರರ ಅತಿ ದೊಡ್ಡ ಘಾತ 81, ಉಳಿದದ್ದು 19, ಅದರ ಮುಮ್ಮಡಿ 57, ಒಂದು ಕೂಡಿದರೆ 58. ಸುಮ್ಮನೆ ಹೇಳಿಬಿಡಲಿಲ್ಲ, ಪರೀಕ್ಷಿಸಿಯೂ ನೋಡಿದೆ. 9 ಜನರನ್ನು ಕಾಗದದ ಮೇಲೆ ಬರೆದು ಹೊಡೆದುಹಾಕುತ್ತಾ ಹೋದೆ: 3, 6, 9, 4, 8, 5, 2, 7. ಉಳಿದವನು 1. ಸೂತ್ರವೂ 1 ಎನ್ನುತ್ತದೆ. 10 ಜನರಿಗೆ 4, ತಾಳೆಯಾಯಿತು. 11 ಜನರಿಗೆ 7, ಅದೂ ಆಯಿತು. ಪೆನ್ನು ಕೆಳಗಿಟ್ಟೆ. ಇನ್ನೂ ಮುಂದೆ ಹೋಗಿದ್ದರೆ 12ಕ್ಕೆ 10, 13ಕ್ಕೆ 13 ಕೂಡ ತಾಳೆಯಾಗಿ ನನ್ನನ್ನು ಇನ್ನಷ್ಟು ಹಾಳು ಮಾಡುತ್ತಿದ್ದವು. 14ಕ್ಕೆ ಹೋಗಿದ್ದರೆ ಸೂತ್ರ 16 ಎನ್ನುತ್ತಿತ್ತು. ಹದಿನಾಲ್ಕು ಜನರಲ್ಲಿ ಹದಿನಾರನೆಯವನು! ಅಷ್ಟು ದೂರ ಹೋಗುವುದೇ ಬೇಡವಾಗಿತ್ತು, ಮೂರೇ ಜನರನ್ನು ಕೂರಿಸಿದ್ದರೆ ಸಾಕಿತ್ತು. ಮೊದಲು 3 ಹೊರಗೆ, ಆಮೇಲೆ 1, ಉಳಿದವನು 2. ಸೂತ್ರದ ಪ್ರಕಾರ 1 ಉಳಿಯಬೇಕಿತ್ತು. ಮೂರು ಜನರ ಲೆಕ್ಕವನ್ನು ಸಂದರ್ಶಕರ ಎದುರು ಬರೆಯುವುದು ನನಗೆ ಅವಮಾನವೆನಿಸಿತ್ತು, ಆದ್ದರಿಂದ ಗಾತ್ರದಲ್ಲಿ ಮರ್ಯಾದೆಯುಳ್ಳ 9ನ್ನು ಆರಿಸಿಕೊಂಡಿದ್ದೆ. ಸರಿಯಾದ ಉತ್ತರ 91. ಅವರು ಅದನ್ನು ಹೇಳಲಿಲ್ಲ, “ಮೂರರ ಘಾತವೇ ಏಕೆ?” ಎಂದಷ್ಟೇ ಕೇಳಿದರು. ನನ್ನ ಬಳಿ ಮಾತಿರಲಿಲ್ಲ. ತಪ್ಪು ಉತ್ತರವನ್ನಾದರೂ ಅವರು ಕ್ಷಮಿಸುತ್ತಿದ್ದರೇನೋ, ಆ ಮೌನವನ್ನು ಕ್ಷಮಿಸಲಿಲ್ಲ ಎಂದೇ ಈಗಲೂ ನಂಬಿದ್ದೇನೆ.

ಸಂಜೆ ಪಿ.ಬಿ. ರಸ್ತೆಯ ಬದಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಗೆಳೆಯ ತನ್ನ ನೋಟ್‌ಬುಕ್ ತೆರೆದ. (ಅವನಿಗೆ ಈ ಒಗಟನ್ನು ಯಾರೂ ಕೇಳಲೇ ಇಲ್ಲ, ನೀರು ತುಂಬುವ ಕೊಳವೆಗಳ ಲೆಕ್ಕ ಕೇಳಿ ಕಳುಹಿಸಿದ್ದರು.) ಎರಡರ ಆಟದಲ್ಲಿ ಜನರ ಸಂಖ್ಯೆ ಸಮವಾಗಿದ್ದರೆ ಒಂದು ಸುತ್ತಿಗೆ ಅರ್ಧ ಜನ ಹೋಗಿ ಸರದಿ ಮತ್ತೆ 1ನೆಯವನಿಗೇ ಬರುತ್ತದೆ. 64 ಜನರಿದ್ದರೆ 32, 16, 8 ಹೀಗೆ ಕೊನೆಯವರೆಗೂ ಸಮ, ಆದ್ದರಿಂದ ಎಣಿಕೆ ಯಾರಿಂದ ಆರಂಭವೋ ಅವನೇ ಉಳಿಯುತ್ತಾನೆ. ನೂರು ಜನರಲ್ಲಿ 36 ಜನ ಹೋಗುವವರೆಗೆ ಕಾಯಿರಿ. 36ನೆಯವನಾಗಿ ಎದ್ದು ಹೋಗುವವನು 72. ಈಗ ಇರುವುದು 64 ಜನ, ಎಣಿಕೆ 73ರಿಂದ. ಹಾಳೆಯ ಸೂತ್ರದ ಗುಟ್ಟು ಇಷ್ಟೇ.

ಮೂರರ ಆಟದಲ್ಲಿ ಒಂದು ಸುತ್ತಿಗೆ ಮೂರನೇ ಒಂದು ಪಾಲು ಹೋಗಿ ಮೂರನೇ ಎರಡು ಪಾಲು ಉಳಿಯುತ್ತದೆ. 27 ಜನ 18 ಆಗುತ್ತಾರೆ, ಆಮೇಲೆ 12, ಆಮೇಲೆ 8. ಎಂಟು ಮೂರರಿಂದ ಭಾಗವಾಗದು, ಲಯ ಅಲ್ಲೇ ತಪ್ಪಿತು. ಎರಡರ ಆಟದಲ್ಲಿ ಹೋಗುವ ಪಾಲು, ಉಳಿಯುವ ಪಾಲು ಎರಡೂ ಅರ್ಧವೇ ಆದ್ದರಿಂದ ಯಾವುದು ಮುಖ್ಯವೆಂದು ಕಣ್ಣಿಗೆ ಬೀಳುವುದಿಲ್ಲ.

ಅವನ ಪಟ್ಟಿ ಬೆಳೆದದ್ದು ಹೀಗೆ: ಒಬ್ಬನೇ ಇದ್ದರೆ ಉತ್ತರ 1. ಒಬ್ಬ ಹೆಚ್ಚಾದಂತೆಲ್ಲ ಹಿಂದಿನ ಉತ್ತರಕ್ಕೆ 3 ಕೂಡಿಸಬೇಕು, ಏಕೆಂದರೆ ಮೊದಲ ಸಲ ಒಬ್ಬ ಹೊರಬಿದ್ದ ಮೇಲೆ ಒಬ್ಬ ಕಡಿಮೆ ಇರುವ ಅದೇ ಆಟ ಮೂರು ಸ್ಥಾನ ಮುಂದಿನಿಂದ ಶುರುವಾಗುತ್ತದೆ. ಮೊತ್ತ ಜನರ ಸಂಖ್ಯೆಯನ್ನು ಮೀರಿದರೆ ಆ ಸಂಖ್ಯೆಯನ್ನು ಕಳೆಯಬೇಕು. ಹೀಗೆ ಬರೆಯುತ್ತಾ ಹೋದರೆ 4, 6, 9, 14, 21, 31, 47, 70 ಜನರಾದಾಗ ಉತ್ತರ ಮತ್ತೆ 1ಕ್ಕೋ 2ಕ್ಕೋ ಇಳಿಯುತ್ತದೆ. ಈ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಪ್ರತಿಯೊಂದೂ ಹಿಂದಿನದರ ಸುಮಾರು ಒಂದೂವರೆ ಪಟ್ಟು. ಮೂರನೇ ಎರಡು ಉಳಿಯುವ ಆಟ ತಲೆಕೆಳಗಾದರೆ ಒಂದೂವರೆ ತಾನೆ! 70 ಜನರಿಗೆ ಉತ್ತರ 1, ಇನ್ನು 30 ಜನರಿಗೆ ಮೂರು ಮೂರರಂತೆ 90 ಕೂಡಿದರೆ 91.

ಈ ಒಗಟಿಗೆ ಹೆಸರು ಬಂದಿರುವುದು 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್‌ನಿಂದ. ರೋಮನ್ನರಿಗೆ ಶರಣಾಗುವ ಬದಲು ಗುಹೆಯಲ್ಲಿ ಒಬ್ಬರನ್ನೊಬ್ಬರು ಕೊಲ್ಲಲು ಚೀಟಿ ಎತ್ತಿದೆವು ಎಂದು ಅವನು ಬರೆದಿದ್ದಾನೆ, ಪ್ರತಿ ಮೂರನೆಯವನು ಎಂಬ ಲೆಕ್ಕ ಆಮೇಲೆ ಸೇರಿಕೊಂಡದ್ದು. ಆ ಕಥೆಯ 41 ಜನರನ್ನು ಪಟ್ಟಿಯಲ್ಲಿ ಹಾಕಿ ನೋಡಿ: 31 ಜನರಿಗೆ 1, ಇನ್ನು ಹತ್ತು ಜನರಿಗೆ 30, ಒಟ್ಟು 31.

ಸಂಖ್ಯೆಗಳಲ್ಲಿ ವಿನ್ಯಾಸ ಹುಡುಕಬೇಡಿ ಎನ್ನುತ್ತಿಲ್ಲ. ಕಂಡ ಕೂಡಲೇ ಅದನ್ನು ಮುರಿಯಲು ನೋಡಿ, ಅದೂ ತೀರಾ ಚಿಕ್ಕ ಸಂಖ್ಯೆಗಳಿಂದ. ನಾಲ್ಕರ ಆಟಕ್ಕೆ ಸೂತ್ರ ನನ್ನಿಂದ ಕೇಳಬೇಡಿ, ಒಂದು ಸುತ್ತಿಗೆ ಎಷ್ಟು ಪಾಲು ಉಳಿಯುತ್ತದೆ ಎಂಬುದರಿಂದ ಶುರು ಮಾಡಿ. ಉತ್ತರ ಹೇಳುವ ಮೊದಲು ಎಣಿಕೆ ಹೇಗೆ ಆರಂಭ ಎಂದು ಸಂದರ್ಶಕರನ್ನೇ ಕೇಳಿಕೊಳ್ಳಿ: ಎರಡರ ಆಟದಲ್ಲಿ 2ನೆಯವನ ಬದಲು 1ನೆಯವನೇ ಮೊದಲು ಹೊರಗೆ ಹೋಗುವುದಾದರೆ ನೂರು ಜನರಲ್ಲಿ ಉಳಿಯುವವನು 72.