ಕಾಡಿನಿಂದ ಬಂದವನನ್ನು ಪರೀಕ್ಷೆಗೆ ಕರೆಯುವುದು ಕ್ರೌರ್ಯವೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು, ವಯಸ್ಸು 33. ಉಗಾಂಡಾದ ಉತ್ತರ ಭಾಗದ ಗುಲು ಪಟ್ಟಣದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಎರಡು ವರ್ಷಗಳಿಂದ ಇಲ್ಲಿನ ಅಚೋಲಿ ಸಮುದಾಯದ ಒಬ್ಬರ ಜೊತೆಗಿದ್ದೇನೆ. 2002ರಲ್ಲಿ, 11ನೇ ವಯಸ್ಸಿನಲ್ಲಿ, ಬಂಡುಕೋರರು ಅವರನ್ನು ಹೊತ್ತೊಯ್ದರು. ಮೂರು ವರ್ಷ ಕಾಡಿನಲ್ಲಿದ್ದು ತಪ್ಪಿಸಿಕೊಂಡು ಬಂದವರು. ಬಾಗಿಲು ಮುಚ್ಚಿದರೆ ನಿದ್ದೆ ಬರುವುದಿಲ್ಲ, ಅನೇಕ ರಾತ್ರಿ ಜಗಲಿಯ ಮೇಲೆ ಮಲಗುತ್ತಾರೆ. ಕುಡಿದರೆ ಎರಡು ಮೂರು ದಿನ ಕಾಣೆಯಾಗುತ್ತಾರೆ. ಬೇರೆ ಹೆಂಗಸರ ಬಳಿ ಹೋಗಿದ್ದೆನೆಂದು ಅವರೇ ಒಪ್ಪಿಕೊಂಡಿದ್ದಾರೆ. ಕಾಂಡೋಮ್ ಬೇಡವೆನ್ನುತ್ತಾರೆ. ಎಚ್‌ಐವಿ ಪರೀಕ್ಷೆಯ ಮಾತೆತ್ತಿದರೆ, ‘ಕಾಡಿನಲ್ಲೇ ಸಾಯದವನನ್ನು ಇನ್ನೇನು ಸಾಯಿಸುತ್ತದೆ’ ಎಂದು ನಗುತ್ತಾರೆ. ಅಷ್ಟೆಲ್ಲ ಅನುಭವಿಸಿದವರನ್ನು ಒತ್ತಾಯಿಸುವುದು ಕ್ರೌರ್ಯವಲ್ಲವೇ? ದಿನವಿಡೀ ಬೇರೆಯವರ ರಕ್ತ ನೋಡುವ ನಾನು ನನ್ನದನ್ನು ಇನ್ನೂ ನೋಡಿಲ್ಲ. ಮನೆಯಲ್ಲಿ ಮದುವೆಯ ವಿಷಯ ಹೇಳಬೇಕೆಂದಿದ್ದೇನೆ.
— ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅವರ ನಗುವಲ್ಲ, ಕೊನೆಯಲ್ಲಿ ನೀವು ಹಗುರವಾಗಿ ಸೇರಿಸಿದ ನಿಮ್ಮ ರಕ್ತದ ಮಾತು. ಅವರು ಯಾವಾಗ ಒಪ್ಪುತ್ತಾರೋ ಎಂದು ಕಾಯುತ್ತಿದ್ದೇನೆಂದು ನೀವು ಭಾವಿಸಿದ್ದೀರಿ. ಆದರೆ ನಿಮ್ಮ ಪರೀಕ್ಷೆಗೆ ಅವರ ಒಪ್ಪಿಗೆ ಬೇಕಿಲ್ಲ. ಈ ವಾರವೇ ಮಾಡಿಸಿ, ಎಚ್‌ಐವಿಯ ಜೊತೆಗೆ ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಸೇರಿಸಿ. ಸಹೋದ್ಯೋಗಿಗಳ ಕಣ್ಣಿಗೆ ಬೀಳುವ ಸಂಕೋಚವಿದ್ದರೆ ಬೇರೆ ಕೇಂದ್ರಕ್ಕೆ ಹೋಗಿ.

ಇನ್ನು ಅವರ ನಗು. ಗುಲುವಿನಲ್ಲಿ ಬದುಕುತ್ತಿರುವ ನಿಮಗೆ ಮಕ್ಕಳನ್ನು ಹೊತ್ತೊಯ್ಯುತ್ತಿದ್ದ ಬಂಡುಕೋರ ಪಡೆ, ಜೋಸೆಫ್ ಕೋನಿಯ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿಯ ಕಥೆಯನ್ನು ನಾನು ಹೇಳಬೇಕಿಲ್ಲ. ಅಪಹರಣದ ಭಯಕ್ಕೆ ಹಳ್ಳಿಯ ಸಾವಿರಾರು ಮಕ್ಕಳು ಪ್ರತಿ ಸಂಜೆ ಕಂಬಳಿ ಹೊತ್ತು ಪಟ್ಟಣಕ್ಕೆ ನಡೆದುಬಂದು, ಬಸ್ ನಿಲ್ದಾಣದಲ್ಲೋ ಅಂಗಡಿಗಳ ಜಗಲಿಯಲ್ಲೋ ಮಲಗಿ, ಬೆಳಗಾದ ಮೇಲೆ ಹಿಂದಿರುಗುತ್ತಿದ್ದ ಕಾಲದಲ್ಲಿ ನಿಮ್ಮ ಸಂಗಾತಿ ಕಾಡಿನಲ್ಲಿದ್ದರು. ನಾಳೆ ಇದೆಯೆಂಬ ನಂಬಿಕೆ ಹನ್ನೊಂದರಲ್ಲೇ ಮುರಿದುಹೋದವನಿಗೆ, ‘ಮುಂದೆ ರೋಗ ಬಂದೀತು, ಭವಿಷ್ಯ ನೋಡಿಕೊ’ ಎಂಬ ಮಾತು ತಟ್ಟುವುದಿಲ್ಲ. ಆಯುಷ್ಯ ಹೇಗೂ ಮೊಟಕೆಂಬ ಈ ಭಾವನೆಯನ್ನು ಮನೋವೈದ್ಯರು ಆಘಾತದ ಲಕ್ಷಣಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಕುಡಿತ ಅದರ ಮೇಲೆ ತೆಳುವಾದ ಮುಸುಕು ಎಳೆಯುತ್ತದೆ, ಅಪರಿಚಿತರ ಮೈ ಒಂದು ರಾತ್ರಿಯ ಮರೆವು ಕೊಡುತ್ತದೆ. ಹಾಗಾಗಿಯೇ ಯುದ್ಧ ನಿಂತ ನಾಡುಗಳಲ್ಲಿ ಅಪಾಯ ಎಷ್ಟೋ ಬಾರಿ ಗುಂಡು ನಿಂತ ಮೇಲೆ, ರಸ್ತೆ ತೆರೆದು, ನಿರಾಶ್ರಿತರ ಶಿಬಿರ ಖಾಲಿಯಾಗಿ, ಕೈಯಲ್ಲಿ ಸ್ವಲ್ಪ ಕಾಸು ಓಡಾಡತೊಡಗಿದಾಗ ಹೆಚ್ಚುತ್ತದೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುತ್ತಿದ್ದ ‘ವರಾಗಿ’ ಎಂಬ ಅಲ್ಲಿನ ಸಾರಾಯಿಯನ್ನು ಉಗಾಂಡಾ ಸರ್ಕಾರ 2019ರಲ್ಲಿ ನಿಷೇಧಿಸಿತೇನೋ ನಿಜ, ಅದನ್ನು ಕುಡಿಸುತ್ತಿದ್ದ ನೆನಪುಗಳನ್ನು ನಿಷೇಧಿಸಲು ಯಾವ ಸರ್ಕಾರಕ್ಕೂ ಆಗದು.

ಇಷ್ಟೆಲ್ಲ ಹೇಳಿದ್ದು ಅವರ ನಡತೆಯ ಕಾರಣ ತಿಳಿಯಲಿ ಎಂದೇ ಹೊರತು, ಅದಕ್ಕೆ ವಿನಾಯಿತಿ ಕೊಡಲಿ ಎಂದಲ್ಲ. ಇದೇ ನಾಡಿನ ಡೊಮಿನಿಕ್ ಓಂಗ್ವೆನ್ ಬಾಲಕನಾಗಿದ್ದಾಗ ಅಪಹರಣಕ್ಕೆ ಒಳಗಾಗಿ, ಬೆಳೆದು ಅದೇ ಪಡೆಯ ನಾಯಕರಲ್ಲಿ ಒಬ್ಬನಾದ. 2021ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನ ಬಾಲ್ಯವನ್ನು ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಪರಿಗಣಿಸಿತು, 25 ವರ್ಷ ವಿಧಿಸಿತು; ಅಪರಾಧವನ್ನು ಮಾತ್ರ ಮನ್ನಿಸಲಿಲ್ಲ. ನಿಮ್ಮವರನ್ನು ಅವನಿಗೆ ಹೋಲಿಸುವುದು ಘೋರ ಅನ್ಯಾಯವಾದೀತು. ಆದರೆ ನೋವುಂಡವನೂ ಪರರ ಮೈಗೆ ಹೊಣೆಗಾರ ಎಂಬ ಆ ವಿವೇಕ ನಿಮ್ಮ ಮನೆಯೊಳಗೂ ಸಲ್ಲುತ್ತದೆ. ಅವರ ಯುದ್ಧದ ಸಾಲವನ್ನು ನಿಮ್ಮ ದೇಹ ತೀರಿಸಬೇಕಾಗಿಲ್ಲ.

ಹಾಗಾದರೆ ಹೇಗೆ ಕೇಳುವುದು? ಕುಡಿದಾಗ, ಜಗಳದ ನಡುವೆ, ರಾತ್ರಿಯ ಹೊತ್ತು ಬೇಡ. ಬೆಳಗಿನ ಚಹಾದ ಹೊತ್ತಿಗೆ, ಅವರಿಗೆ ಹಿತವೆನಿಸುವ ಆ ಜಗಲಿಯ ಮೇಲೆಯೇ ಕುಳಿತು, ‘ನಾನು ಪರೀಕ್ಷೆ ಮಾಡಿಸಿಕೊಂಡೆ, ನನಗೆ ಭಯವಾಗಿತ್ತು’ ಎಂದು ನಿಮ್ಮಿಂದ ಆರಂಭಿಸಿ. ಭವಿಷ್ಯದ ಮಾತು ಬಿಟ್ಟು, ‘ಇವತ್ತು ನನಗಾಗಿ’ ಎನ್ನಿ. ಆಸ್ಪತ್ರೆಯ ಕೋಣೆ, ಯಾರೋ ತೋಳು ಹಿಡಿಯುವುದು, ಮುಚ್ಚಿದ ಬಾಗಿಲು ಅವರಿಗೆ ಬೇರೇನನ್ನೋ ನೆನಪಿಸುತ್ತಿರಬಹುದು. ಕಾಡಿನಲ್ಲಿ ಹುಡುಗರ ಮೇಲೂ ಏನೇನು ನಡೆದಿರಬಹುದೆಂದು ನೀವು ಊಹಿಸಿ ಕೆದಕಬೇಡಿ, ಹೇಳುವುದಿದ್ದರೆ ಅವರೇ ಹೇಳಲಿ. ವಸಡಿನ ದ್ರವದಿಂದ ಮನೆಯಲ್ಲೇ ಮಾಡಿಕೊಳ್ಳುವ ಕಿಟ್ ಉಗಾಂಡಾದಲ್ಲಿ ಬಳಕೆಯಲ್ಲಿದೆ. ಪಾಸಿಟಿವ್ ಬಂದರೆ ರಕ್ತಪರೀಕ್ಷೆಯಿಂದ ದೃಢಪಡಿಸಬೇಕೆಂಬುದು ನಿಮಗೆ ಗೊತ್ತೇ ಇದೆ. ಹಾಗೆ ಬಂದರೂ ಅಲ್ಲಿ ಔಷಧಿ ಉಚಿತ, ಮತ್ತು ಚಿಕಿತ್ಸೆಯಿಂದ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ. ಸೋಂಕು ತಗುಲಿದವರನ್ನು ಹೂಳುವುದನ್ನು ನೋಡುತ್ತಾ ಬೆಳೆದ ತಲೆಮಾರಿಗೆ ಈ ಸಂಗತಿಯನ್ನು ಯಾರಾದರೂ ಎದುರು ಕುಳಿತು ಹೇಳಬೇಕು.

ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಸಂಪರ್ಕ ಬೇಡ. ಇದು ಚೌಕಾಸಿಯ ವಿಷಯವಲ್ಲ. ಒಂದು ವೇಳೆ ಅಚಾತುರ್ಯವಾದರೆ 72 ಗಂಟೆಯೊಳಗೆ ಪಿಇಪಿ (ಸಂಪರ್ಕದ ನಂತರ ಎಚ್‌ಐವಿ ಸೋಂಕು ತಡೆಯಲು ಕೊಡುವ) ಮಾತ್ರೆ ಆರಂಭಿಸಿ 28 ದಿನ ಮುಂದುವರಿಸಬೇಕು. ಎಚ್‌ಐವಿ ತಗುಲದಂತೆ ಮುಂಚಿತವಾಗಿಯೇ ತೆಗೆದುಕೊಳ್ಳುವ ದಿನನಿತ್ಯದ ಪ್ರೆಪ್ ಮಾತ್ರೆಯ ಬಗ್ಗೆಯೂ ವೈದ್ಯರನ್ನು ಕೇಳಿ, ಆದರೆ ಅದು ಸಿಫಿಲಿಸ್ ತಡೆಯದು. ನೀವು ಬರೆಯದ ಒಂದನ್ನು ಕೇಳಲೇಬೇಕು: ಬೇಡವೆಂದಾಗ ಅವರು ನಿಲ್ಲುತ್ತಾರೆಯೇ? ಇಲ್ಲವೆಂದಾದರೆ ಮೇಲಿನ ಯಾವ ಸಲಹೆಯೂ ಅನ್ವಯಿಸದು, ಮೊದಲು ಆ ಮನೆಯಿಂದ ಹೊರಬನ್ನಿ.

ಅವರ ಮನಸ್ಸಿಗೂ ಮದ್ದಿದೆ. ಬದುಕಿನ ಕಥೆಯನ್ನು ಮೊದಲಿನಿಂದ ಕಾಲಕ್ರಮದಲ್ಲಿ ನಿಧಾನವಾಗಿ ಹೇಳಿಸುವ ಚಿಕಿತ್ಸೆಯನ್ನು ಉತ್ತರ ಉಗಾಂಡಾದಲ್ಲೇ, ಅಪಹರಣಕ್ಕೊಳಗಾಗಿ ಹಿಂದಿರುಗಿದ ಯುವಜನರ ಮೇಲೆ ಪ್ರಯೋಗಿಸಲಾಯಿತು. ತರಬೇತಿ ಪಡೆದ ಸ್ಥಳೀಯರೇ ಸಲಹೆಗಾರರಾಗಿದ್ದರು. ಆಘಾತದ ಲಕ್ಷಣಗಳು ಗಣನೀಯವಾಗಿ ತಗ್ಗಿದವೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಸತ್ತವರ ಆತ್ಮ ಕಾಡುವುದನ್ನು ಅಚೋಲಿಗಳು ಚೆನ್ ಎನ್ನುತ್ತಾರೆ. ನಿಮ್ಮವರು ಹಿರಿಯರಿಂದ ಶುದ್ಧೀಕರಣದ ವಿಧಿ ಮಾಡಿಸುತ್ತೇನೆಂದರೆ ಮೂಢನಂಬಿಕೆಯೆಂದು ತಳ್ಳಿಹಾಕಬೇಡಿ. ದೆವ್ವ ಬಿಡಿಸುವುದನ್ನು ನೋಡಿ ಬೆಳೆದ ನಮಗೆ ಹಾಗೆ ತಳ್ಳಿಹಾಕುವ ಹಕ್ಕೂ ಇಲ್ಲ. ವಿಧಿಯೂ ನಡೆಯಲಿ, ಆಪ್ತಸಮಾಲೋಚನೆಯೂ ನಡೆಯಲಿ. ಆದರೆ ಆ ಸಲಹೆಗಾರರ ಸ್ಥಾನದಲ್ಲಿ ನೀವು ಕೂರಬೇಡಿ.

ಈಗ ನಿಮ್ಮ ಫಲಿತಾಂಶ ನೆಗೆಟಿವ್ ಬಂದರೂ, ಕೊನೆಯ ಅಸುರಕ್ಷಿತ ಸಂಪರ್ಕದಿಂದ 3 ತಿಂಗಳಾದ ಮೇಲೆ ಮತ್ತೊಮ್ಮೆ ನೋಡಬೇಕು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದನ್ನು ಅವರಿಗೂ ತೋರಿಸಿ. ಹಾಸನಕ್ಕೆ ಫೋನ್ ಮಾಡಿ ಮದುವೆಯ ವಿಷಯ ಹೇಳುವುದು ಅದರ ನಂತರ ಆಗಲಿ.